ನನ್ನ ಮರಣವಾರ್ತೆಯನ್ನು ಅಕ್ಕನಿಗೆ ಮುಟ್ಟಿಸಿದ ಟಿಪ್ಪಣಿಮಿತ್ರರಿಗೆ

ಮಾನ್ಯ ಟಿಪ್ಪಣಿಮಿತ್ರರೇ,

ಭದ್ರಾವತಿಯಿಂದ ಜನಾರ್ದನನು ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅದರಲ್ಲೂ ನಾನು ಕ್ಷೇಮ ಎಂಬುದನ್ನು ತಾವು ದಯವಿಟ್ಟು ಎರಡು ಸಲ ಓದಿಕೊಳ್ಳಬೇಕು, ಏಕೆಂದರೆ ಕಳೆದ ಭಾನುವಾರ ತಾವು ನನ್ನ ಬಂಧುಬಳಗಕ್ಕೆಲ್ಲ ಇದಕ್ಕೆ ತೀರಾ ವಿರುದ್ಧವಾದ ಸುದ್ದಿಯನ್ನು ಕಳುಹಿಸಿದ್ದೀರಿ. ತಾವು ಒಂದು ಆ್ಯಪ್ ಆಗಿರುವುದರಿಂದ ಕ್ಷೇಮ ವಿಚಾರಿಸುವ ವಾಡಿಕೆ ತಮ್ಮಲ್ಲಿ ಇಲ್ಲದಿರಬಹುದು. ನಾನಂತೂ ತಮ್ಮ ಬ್ಯಾಟರಿಯ ಆಯುರಾರೋಗ್ಯವನ್ನು ಹಾರೈಸುತ್ತೇನೆ.

ಈ ಪತ್ರ ಓದುವ ನಾಲ್ಕು ಜನಕ್ಕೂ ವಿಷಯ ತಿಳಿಯಲಿ. ನನ್ನ ಮಗಳು ತನುಶ್ರೀ ಪ್ರತಿ ಭಾನುವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ನಮ್ಮ ಊಟದ ಮೇಜಿನ ಸುತ್ತ ಒಂದು ಆಟ ನಡೆಸುತ್ತಾಳೆ. ಅವಳು ಕಥೆ ಹೇಳುತ್ತಾಳೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಓಡಾಡುತ್ತಾರೆ, ಯಾರು ಬದುಕಬೇಕು ಯಾರು ಸಾಯಬೇಕು ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಅವಳ ಸ್ನೇಹಿತ ಆಕರ್ಷ, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು, ಇಲ್ಲಿ ಮಾಂತ್ರಿಕ. ನನ್ನ ಹೆಂಡತಿ ಶೀಲಾಳದು ಕಳ್ಳಿಯ ಪಾತ್ರ, ಅದರಲ್ಲಿ ಅವಳು ತೋರುವ ಚುರುಕು ನನ್ನನ್ನು ಯೋಚನೆಗೆ ಹಚ್ಚಿದೆ. ನಾನು ಕೋಟೆಯ ಕಾವಲುಗಾರ. ಬೇರೆ ಹೆಸರಿಟ್ಟುಕೊಂಡರೆ ಕರೆದಾಗ ತಿರುಗಿ ನೋಡುವುದೇ ಮರೆತುಹೋಗುತ್ತದೆಂದು ಪಾತ್ರಕ್ಕೂ ಜನಾರ್ದನ ಎಂದೇ ಹೆಸರಿಟ್ಟೆ.

ಮೊದಲೆಲ್ಲ ನಾನು ಆಟದ ಟಿಪ್ಪಣಿಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆಯುತ್ತಿದ್ದೆ. ಆ ಕ್ಯಾಲೆಂಡರ್ ಯಾವತ್ತೂ ಯಾರಿಗೂ ಏನನ್ನೂ ತಿಳಿಸಲಿಲ್ಲ, ಅದರ ಯೋಗ್ಯತೆ ಅಷ್ಟೇ. ಆಮೇಲೆ ತನುಶ್ರೀ ನನ್ನ ಕೈಗೆ ಟ್ಯಾಬ್ಲೆಟ್ ಕೊಟ್ಟು ತಮ್ಮನ್ನು ಪರಿಚಯಿಸಿದಳು. ಬರೆದದ್ದನ್ನು ತಾವೇ ಓದಿ, ತಿದ್ದಿ, ಮುಖ್ಯವಾದದ್ದಿದ್ದರೆ ‘ಆಪ್ತರಿಗೆ ತಿಳಿಸು’ ಎಂಬ ಸೌಲಭ್ಯದ ಮೂಲಕ ಹಂಚುವಿರಂತೆ. ಅದಕ್ಕೆ ಅನುಮತಿ ಕೇಳಿದಿರಿ, ಕೊಟ್ಟೆ. ಅಷ್ಟು ವಿನಯದಿಂದ ಕೇಳಿದವರಿಗೆ ಇಲ್ಲವೆನ್ನುವುದು ನಮ್ಮ ಮನೆತನದಲ್ಲಿಲ್ಲ.

ಆ ಭಾನುವಾರ ನನ್ನ ದಾಳಕ್ಕೆ ಒಂದು ಬಿತ್ತು. ಆಟದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ. ನಾನು ಶಿಸ್ತಿನ ಮನುಷ್ಯ, ನಡೆದದ್ದನ್ನು ನಡೆದಂತೆ ಬರೆದೆ: ‘ಜನಾರ್ದನ ಇಂದು ಸಂಜೆ ಕೋಟೆಯ ಮೇಲಿಂದ ಬಿದ್ದು ಸತ್ತ.’ ತಾವು ಅದನ್ನು ‘ಶ್ರೀ ಜನಾರ್ದನ ಅವರು ಇಂದು ಸಂಜೆ ಮೇಲಿಂದ ಬಿದ್ದು ದೈವಾಧೀನರಾದರು’ ಎಂದು ತಿದ್ದಿ, ಕೋಟೆಯನ್ನು ಅನಗತ್ಯವೆಂದು ಕೆಡವಿ, ಕೈಮುಗಿದ ಎರಡು ಚಿತ್ರಗಳನ್ನೂ ನನ್ನ ಫೋಟೋವನ್ನೂ ಸೇರಿಸಿ ಕಳುಹಿಸಿಯೇ ಬಿಟ್ಟಿರಿ. ಸ್ವಾಮಿ, ಕೆಲಸದಲ್ಲಿದ್ದಷ್ಟು ಕಾಲವೂ ನನ್ನನ್ನು ಯಾರೂ ‘ಶ್ರೀ’ ಎಂದವರಿಲ್ಲ, ‘ಅವರು’ ಎಂದವರಿಲ್ಲ. ಆ ಗೌರವಕ್ಕೆ ನಾನು ಸಾಯಬೇಕಾಗಿತ್ತು ಎಂಬುದು ಬೇರೆ ಮಾತು.

ಆಡುವಾಗ ಯಾರೂ ಫೋನ್ ಮುಟ್ಟಬಾರದೆಂದು ತನುಶ್ರೀ ಎಲ್ಲರ ಫೋನುಗಳನ್ನೂ ಚಕ್ಕುಲಿ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿರುತ್ತಾಳೆ. ಹಾಗಾಗಿ ಯಾರು ಕರೆ ಮಾಡಿದರೂ ಎತ್ತುವವರಿಲ್ಲ, ಇದರಿಂದ ತಮ್ಮ ಸುದ್ದಿ ಇನ್ನಷ್ಟು ಗಟ್ಟಿಯಾಯಿತು. ಸತ್ತವನನ್ನು ಮಂತ್ರ ಹಾಕಿ ಎಬ್ಬಿಸಬಹುದೇ ಎಂದು ನಾನೂ ಆಕರ್ಷನೂ ಒಂದು ಗಂಟೆಯಿಂದ ವಾದಿಸುತ್ತಿದ್ದಾಗಲೇ ಗೇಟಿನ ಹತ್ತಿರ ಆಟೋ ನಿಂತಿತು, ಅದರಿಂದ ಸೇವಂತಿಗೆ ಹಾರ ಹಿಡಿದು ನನ್ನ ಅಕ್ಕ ಪುಟ್ಟಲಕ್ಷ್ಮಿ ಇಳಿದಳು.

ಇಲ್ಲಿ ತಮಗೆ ಒಂದು ವಿಷಯ ಹೇಳಬೇಕು. ಶಿವಮೊಗ್ಗದ ನವುಲೆಯಲ್ಲಿರುವ ನನ್ನ ಅಕ್ಕ ಈ ಮನೆಯ ಗೃಹಪ್ರವೇಶದ ಕಾಲದಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೊಣಕಾಲು ನೋವೆಂದು ನಾನು ಅರಿಶಿನ ಕುಂಕುಮ ಹಿಡಿದು ಹೋಗಿ ಕರೆಯದೆ ಫೋನಿನಲ್ಲಿ ಆಮಂತ್ರಣ ಕಳುಹಿಸಿದೆನಂತೆ. ಕಳುಹಿಸಿದ್ದೇನೋ ಹೌದು, ಅದರಲ್ಲಿ ದೀಪ ಅಲುಗಾಡುತ್ತಿತ್ತು, ನಾದಸ್ವರವೂ ಇತ್ತು, ನನಗಂತೂ ಚೆನ್ನಾಗಿಯೇ ಕಂಡಿತ್ತು. ಅವಳು ಬರಲಿಲ್ಲ. ಶುಭಕಾರ್ಯಕ್ಕೆ ಮನೆಗೆ ಬಂದು ಕರೆಯಬೇಕು, ಸಾವಿಗೆ ಸುದ್ದಿ ಸಾಕು ಎಂಬ ನಮ್ಮ ಪದ್ಧತಿಯ ಪ್ರಕಾರ, ಮೆಸೇಜು ನೋಡಿ ಬರಬಹುದಾದ ಒಂದೇ ಒಂದು ಸಂದರ್ಭವನ್ನು ತಾವು ಅವಳಿಗೆ ಒದಗಿಸಿಕೊಟ್ಟಿರಿ.

ಅವಳು ಜಗುಲಿಯ ಮೇಲೆ ಕುಸಿದು ಕೂತು ಅತ್ತಳು. “ಹಬ್ಬ ಹಬ್ಬಕ್ಕೂ ನಿನ್ನ ಪಾಲಿನ ಹೋಳಿಗೆ ಎತ್ತಿಡ್ತಿದ್ನಲ್ಲೋ, ಇನ್ಯಾರಿಗ್ ಕೊಡ್ಲೋ! ಕಾಲುನೋವಿನವ್ನು ಬರ್ಲಿ ಅಂತ ಕೂತ್ನಲ್ಲೋ, ನಾನೇ ಬರ್ಬೋದಿತ್ತಲ್ಲೋ!” ನಾನು ಬಾಗಿಲ ಪರದೆಯ ಹಿಂದೆ ಇನ್ನೂ ಸ್ವಲ್ಪ ಹೊತ್ತು ಸತ್ತವನಾಗಿಯೇ ನಿಂತಿದ್ದೆ. ಅದು ಸರಿಯಲ್ಲ ಎಂದು ಶೀಲಾ ಆಮೇಲೆ ಬೈದಳು, ಬೈಯಲಿ. ಅಷ್ಟು ಸಂತೋಷ ನನಗೆ ಈ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ.

ಆಮೇಲೆ ಹೊರಗೆ ಬಂದೆ. ಅಕ್ಕ ಕಣ್ಣೊರೆಸಿಕೊಂಡು ನೋಡಿ, “ಸತ್ತಿಲ್ವೇನೋ?” ಎಂದಳು. ಆಟದಲ್ಲಿ ಮಾತ್ರ ಎಂದೆ. “ಅದಕ್ಕೂ ಮೆಸೇಜೇ ಕಳ್ಸಿದ್ಯೇನೋ ಮಾರಾಯ!” ಎಂದು ಎದ್ದು ನಿಂತಳು. ಶೀಲಾ ಕಾಫಿ ತಂದಳು. ಸಾವಿನ ಮನೆಯಲ್ಲಿ ಕಾಫಿ ಕುಡಿಯುವಂತಿಲ್ಲ, ಸಾವಿಲ್ಲದ ಮನೆಗೆ ಕರೆಯದೆ ಬಂದಂತಾಯಿತು, ಆದ್ದರಿಂದ ಎರಡು ಲೆಕ್ಕದಲ್ಲೂ ಅವಳು ಲೋಟ ಮುಟ್ಟದೆ, ಹಾರವನ್ನೂ ವಾಪಸು ತೆಗೆದುಕೊಂಡು ಅದೇ ಆಟೋ ಹತ್ತಿದಳು.

ಈಗ ನನ್ನ ಮನವಿಗಳು. ನಾನು ಬದುಕಿದ್ದೇನೆ ಎಂದು ಅಂದೇ ತಮ್ಮಲ್ಲಿ ಬರೆದರೆ ತಾವು ಅದನ್ನು ‘ಇತರೆ’ ಎಂಬ ಕಡತಕ್ಕೆ ಹಾಕಿ ಯಾರಿಗೂ ತಿಳಿಸಲಿಲ್ಲ. ಅದನ್ನೂ ಅಷ್ಟೇ ಮುಖ್ಯವಾದ ಸುದ್ದಿಯೆಂದು ಪರಿಗಣಿಸಬೇಕು. ಅರಿಶಿನ ಕುಂಕುಮ ಕೊಂಡೊಯ್ಯಬಲ್ಲ ಹೊಸ ಆವೃತ್ತಿಯೊಂದನ್ನು ಬೇಗ ಸಿದ್ಧಪಡಿಸಬೇಕು. ಇವೆರಡೂ ಆಗದಿದ್ದರೆ, ಬರುವ ಭಾನುವಾರ ನನ್ನನ್ನು ದಯವಿಟ್ಟು ಇನ್ನೊಮ್ಮೆ ಸಾಯಿಸಬೇಕು, ಈ ಸಲ ಕಾರಣವನ್ನು ಇನ್ನೂ ಗಂಭೀರವಾಗಿ ಬರೆಯಬೇಕು. ಅಕ್ಕನನ್ನು ನನ್ನ ಮನೆಗೆ ಕರೆತಂದವರು ಈ ಲೋಕದಲ್ಲಿ ತಾವೊಬ್ಬರೇ.

ಇಂತಿ ತಮ್ಮ ವಿಶ್ವಾಸಿ, ಸದ್ಯಕ್ಕೆ ಜೀವಂತ,
ಜನಾರ್ದನ

ಮರೆತ ಮಾತು: ಮೇಲಿನ ಕೊನೆಯ ಮನವಿಯನ್ನು ಹಿಂತೆಗೆದುಕೊಂಡಿದ್ದೇನೆ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಅಕ್ಕ ಶೀಲಾಳಿಗೆ ಫೋನ್ ಮಾಡಿ, “ಇನ್ನೊಂದ್ಸಲ ಅವ್ನು ಸತ್ರೆ, ಅವ್ನೇ ಬಂದು ಹೇಳ್ಲಿ” ಎಂದಳಂತೆ. ಆದ್ದರಿಂದ ನಾಳೆ ಬೆಳಿಗ್ಗೆ ನವುಲೆಗೆ ಹೊರಟಿದ್ದೇನೆ. ತಾವು ಬರುವುದು ಬೇಡ.