ಅಣ್ಣನ ಉಸಿರಿನ ಪೆಟ್ಟಿಗೆ

ಒಂದೇ ವಿಷಯವನ್ನು ಮೂವತ್ತು ವರ್ಷ ಅರೆದು ಕುಡಿದವನನ್ನು ಆ ವಿಷಯದ ಯಂತ್ರದ ಹತ್ತಿರ ಬಿಡಬಾರದು. ಇದು ನನ್ನ ಅನುಭವ. ಗಾಳಿಯಿಂದ ಗಾಳಿಯನ್ನು ಬೇರ್ಪಡಿಸುವುದು ನನ್ನ ಕಸುಬು. ಸಗಣಿ ಅನಿಲವನ್ನು ಸೋಸಿ ಬಸ್ಸು ಓಡಿಸಬಹುದೆಂದು ಪುಣೆಯ ಪ್ರಯೋಗಾಲಯದಲ್ಲಿ ಕೂತು ಬರೆದದ್ದೇ ಬರೆದದ್ದು. ಬರೆದವನು ನಾನು, ನಟ್ಟು ಬೋಲ್ಟು ತಿರುಗಿಸಿದವರು ಬೇರೆಯವರು. ಈ ಸಣ್ಣ ಸಂಗತಿಯನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮೂರು ಉಮದಿಯಲ್ಲಿ ನನ್ನ ಅಣ್ಣ ದಸ್ತಗೀರ ಗಾದಿ ತುಂಬುತ್ತಿದ್ದ. ಜೀವಮಾನವಿಡೀ ಹತ್ತಿ ಹಿಂಜಿ, ಅದರ ಧೂಳು ಕುಡಿದು ಶ್ವಾಸಕೋಶ ಕೆಟ್ಟಿತ್ತು. ಮಂಚದ ಪಕ್ಕ ಗಾಳಿಯಿಂದ ಆಮ್ಲಜನಕ ಸೋಸಿಕೊಡುವ ಪೆಟ್ಟಿಗೆ, ಮೂಗಿಗೆ ನಳಿಗೆ. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ತಮ್ಮ ದೊಡ್ಡ ಇಂಜಿನಿಯರ ಸಾಹೇಬ," ಅನ್ನುತ್ತಿದ್ದ. "ನಾ ಹತ್ತಿಯಾಗಿನ ಕಸಾ ಬ್ಯಾರೆ ಮಾಡೀನಿ, ನೀ ಗಾಳಿಯಾಗಿನ ಗಾಳಿ ಬ್ಯಾರೆ ಮಾಡೀದಿ. ಇಬ್ಬರದೂ ಹಿಂಜೂ ಕೆಲಸಾನ ತಮ್ಮಾ," ಎಂದು ನಗಲು ಹೋಗಿ ಕೆಮ್ಮುತ್ತಿದ್ದ.

ಆ ಸಲ ನಾನು ರಜೆಗೆ ಊರಿಗೆ ಹೋದ ಮರುದಿನವೇ ಪೆಟ್ಟಿಗೆಯ ಹಳದಿ ದೀಪ ಹತ್ತಿ, ಅದು ಕುಂಯ್ ಎನ್ನತೊಡಗಿತು. ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಅಣ್ಣನ ಹೆಂಡತಿ, ನಮ್ಮ ಭಾಬಿ, ಲಗುಬಗೆಯಿಂದ ನಳಿಗೆಯನ್ನು ಮೂಲೆಯಲ್ಲಿದ್ದ ಆಮ್ಲಜನಕದ ಸಿಲಿಂಡರಿಗೆ ಜೋಡಿಸಿ, "ವಿಜಯಪುರದ ಮೆಕ್ಯಾನಿಕಗ ಫೋನ್ ಮಾಡ್ತೀನ್ರಿ," ಎಂದರು.

"ನಾ ಇದ್ದಾಗ ಅವ ಯಾಕ್ರಿ ಭಾಬಿ?" ಎಂದೆ.

ಪೆಟ್ಟಿಗೆಯೊಳಗಿನ ಡಬ್ಬಿಯಲ್ಲಿ ಸಾಬುದಾನಿಯಂಥ ಕಾಳುಗಳಿರುತ್ತವೆ. ಅವು ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಬಿಡುತ್ತವೆ. ತೇವ ತಾಗಿದರೆ ಮುಗಿಯಿತು, ಕೆಟ್ಟು ಹೋಗುತ್ತವೆ. ಇದನ್ನು ಭಾಬಿಗೆ ವಿವರಿಸುತ್ತ ವಿವರಿಸುತ್ತಲೇ, ಹೊರಗೆ ಮಳೆ ಹನಿಯುತ್ತಿರುವಾಗ, ನಾನು ಡಬ್ಬಿಯ ಮುಚ್ಚಳ ಬಿಚ್ಚಿದೆ. ಕಾಳು ಚಾಪೆಯ ತುಂಬ ಹರಡಿದವು.

ಭಾಬಿ ಹೊರಗೆ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅಣ್ಣ ಸಿಲಿಂಡರಿನ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ. "ಇದು ಎಷ್ಟೊತ್ತ ಬರತೈತಿ?" ಎಂದ.

"ಭಾಳ ಹೊತ್ತ ಬರತೈತಿ," ಎಂದೆ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೆಕ್ಯಾನಿಕ್ ಬರುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತ್ತು, ಅಣ್ಣನ ತುಟಿ ನೀಲಿಯಾಗಿತ್ತು. ಆತ ಮೊದಲು ತಾನು ತಂದಿದ್ದ ಬೇರೆ ಪೆಟ್ಟಿಗೆಯನ್ನು ಜೋಡಿಸಿದ. ಆಮೇಲೆ ಹಳೆಯದರ ಹಿಂದೆ ಗಾಳಿ ಒಳಹೋಗುವ ಜಾಳಿ ತೆಗೆದು ತೋರಿಸಿದ. ಅದರ ತುಂಬ ಹತ್ತಿಯ ಎಳೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು.

"ಇದನ್ನ ತೊಳದಿದ್ರ ಸಾಕಿತ್ರಿ. ಈಗ ಡಬ್ಬಿನ ಹೋತು. ಯಾರ್ ಬಿಚ್ಚಿದವ್ರು?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಣ್ಣ, "ನಾನ ರೀ," ಎಂದ. "ಕುಂತು ಕುಂತು ಬ್ಯಾಸರಾತು, ಬಿಚ್ಚಿದ್ನಿ."

"ತಿಳೀಲಾರದವ್ರು ಇದಕ್ಕ ಕೈ ಹಚ್ಚಬಾರದ್ರಿ ಕಾಕಾ! ಮನ್ಯಾಗ ಇಂಜಿನಿಯರ ಸಾಹೇಬ್ರ ಅದಾರ, ಅವರನ್ನರ ಒಂದ ಮಾತ ಕೇಳಬೇಕಿಲ್ರಿ?"

ಅಣ್ಣ ತಲೆ ತಗ್ಗಿಸಿ ಬೈಸಿಕೊಂಡ. ಅವನು ತೀರಿಕೊಂಡು ಈಗ ಎಂಟು ತಿಂಗಳು. ಮೆಕ್ಯಾನಿಕ್‌ನ ಆ ಮಾತಿಗೆ ಹೌದೌದೆಂದು ಗಂಭೀರವಾಗಿ ತಲೆದೂಗಿದ ನಾನು ಮಾತ್ರ ಚೆನ್ನಾಗಿ ಉಸಿರಾಡಿಕೊಂಡಿದ್ದೇನೆ.