ಮೂರು ಸೌಟಿನ ಸಾಕ್ಷಿ

ನಟರಾಜುವಿನ ಸಂಸಾರ ಮೂರು ಸೌಟು ಮಟನ್ ಸಾರಿನ ಮೇಲೆ ನಿಂತಿತ್ತು. ಬೀಗರ ಊಟದಲ್ಲಿ ತನ್ನ ಎಲೆಗೆ ಒಂದು ತುಂಡೂ ಬೀಳಲಿಲ್ಲ ಎಂದು ಮಾವ ಕೆಂಪಯ್ಯ ತನ್ನೂರು ಕಬ್ಬಾಳಿನ ತುಂಬ ಹೇಳಿಕೊಂಡು ತಿರುಗಿದ್ದ. ಆ ಸಿಟ್ಟಿಗೆ ಮಗಳು ಭಾನುಪ್ರಿಯಳನ್ನೂ ತವರಿಗೆ ಕರೆದೊಯ್ದು ಎರಡು ತಿಂಗಳಾಗಿತ್ತು. ನಟರಾಜುವಿಗೆ ಚೆನ್ನಾಗಿ ನೆನಪಿತ್ತು: ಬಡಿಸುತ್ತಿದ್ದ ತನ್ನ ಅಪ್ಪ ಮಾವನ ಎಲೆಯ ಹತ್ತಿರ ಬರುವಾಗ ಬಕೆಟ್ ಖಾಲಿಯಾಗಿತ್ತು; ತುಂಬಿಸಿಕೊಂಡು ವಾಪಸ್ ಬಂದು, ಮೂರು ಸೌಟು ಹಾಕಿದ್ದ. ಕನಕಪುರದಲ್ಲಿ ನಟರಾಜುವಿನದೇ ವಿಡಿಯೋ ಸ್ಟುಡಿಯೋ. ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು.

"ತೋರ್ಸು ನೋಡಾನ. ನಾನು ತಿಂದಿದ್ರೆ ನಿಂತ ಕಾಲಲ್ಲೇ ಮಗಳ್ನ ಬುಟ್ಟೋಯ್ತೀನಿ," ಎಂದಿದ್ದ ಕೆಂಪಯ್ಯ. ಇವತ್ತು ಸಂಜೆ ನಾಲ್ಕಕ್ಕೆ ಬರುವುದಿತ್ತು.

ಬೆಳಿಗ್ಗೆ ಹತ್ತಕ್ಕೆ, ಆ ವಿಡಿಯೋಗಳಿದ್ದ ಹಾರ್ಡ್ ಡಿಸ್ಕ್ ಹಲ್ಲು ಕಡಿಯತೊಡಗಿತು. ಕಟ್. ಕಟ್. ಕಟ್.

ಎದುರಿನ ಕಂಪ್ಯೂಟರ್ ಕ್ಲಾಸಿನ ಮಧುಕುಮಾರ್ ಕರೆಯದೆಯೇ ಬಂದ. "ಸಾಯ್ತಾ ಐತೆ ಕಣ್ಲಾ ಇದು. ಒಂದೊಂದೇ ವಿಡಿಯೋ ತೆಗ್ದು ನೋಡಕ್ಕೋಗ್ಬೇಡ, ಅಷ್ಟರಲ್ಲಿ ಸತ್ತೋಯ್ತದೆ. ಇಡೀ ಡಿಸ್ಕಿಂದು ಇಮೇಜ್ ತಗಂಬುಡು. ಅಚ್ಚು ತೆಗೆದಂಗೆ."

ಹೊಸ ಡಿಸ್ಕ್ ಬಂತು. ಇಮೇಜ್ ಶುರುವಾಯಿತು. ಎರಡೇ ನಿಮಿಷಕ್ಕೆ ಪರದೆಯ ಮೇಲೆ ಕೆಂಪು ಅಕ್ಷರ: ಜಾಗ ಸಾಲದು.

"ಖಾಲಿ ಡಿಸ್ಕಲ್ಲಿ ಜಾಗ ಇಲ್ವಂತೆ!" ನಟರಾಜು ಮೇಜು ಗುದ್ದಿದ. "ಖಾಲಿ ಬಸ್ಸಲ್ಲಿ ಕಂಡಕ್ಟರು ಸೀಟಿಲ್ಲ ಅಂದಂಗೆ!"

"ಫಾರ್ಮ್ಯಾಟ್ ಹಳೇದು. ಅಷ್ಟು ದೊಡ್ಡ ಫೈಲ್ ಹಿಡಿಯಲ್ಲ."

"ಮೊದ್ಲೇ ಹೇಳಕ್ಕೇನು ರೋಗ ನಿಂಗೆ?"

"ನೀನ್ಯಾವಾಗ್ಲಾ ಕೇಳ್ದೆ?"

ಫಾರ್ಮ್ಯಾಟ್ ಬದಲಾಯಿಸಿ ಮತ್ತೆ ಶುರು. ನಲವತ್ತೊಂದು ಪರ್ಸೆಂಟಿಗೆ ಪರದೆ ಕಪ್ಪಾಯಿತು. ಪಕ್ಕದ ಟೈಲರ್ ಸಾಬಿರಾ ಇಸ್ತ್ರಿಪೆಟ್ಟಿಗೆ ಹಿಡಿದು ಗೋಡೆಯ ಪ್ಲಗ್ಗಿನ ಹತ್ತಿರ ನಿಂತಿದ್ದಳು.

"ನಮ್ಮಂಗಡಿ ಪ್ಲಗ್ಗು ಸುಟ್ಟೋಗೈತೆ ಅಣ್ಣಾ. ಒಂದು ಬ್ಲೌಸು, ಒಸಿ ಹೊತ್ತು ಅಷ್ಟೇ."

"ಅಮ್ಮಾ ತಾಯಿ, ಅದು ಬ್ಲೌಸಲ್ಲ, ನನ್ನ ಹೆಂಡ್ತಿ!"

"ಹೆಂಡ್ತೀನ ಪ್ಲಗ್ಗಿಗೆ ಹಾಕಿದ್ರಾ? ಅದ್ಕೇ ತವರಿಗೆ ಹೋಗವ್ಳೆ," ಎಂದಳು ಸಾಬಿರಾ.

ಮೂರನೆಯ ಸಲ. ನಟರಾಜು ಪ್ಲಗ್ಗಿನ ಮುಂದೆ ಕುರ್ಚಿ ಹಾಕಿಕೊಂಡು, ಕಾವಲು ನಾಯಿಯಂತೆ ಗುರುಗುಟ್ಟುತ್ತ ಕೂತ. ಊಟಕ್ಕೂ ಏಳಲಿಲ್ಲ. ಮೂರೂವರೆಗೆ ತೊಂಬತ್ತಮೂರು ಪರ್ಸೆಂಟ್. ಅಲ್ಲಿ ನಿಂತುಬಿಟ್ಟಿತು. 'ಫೈಲ್ 417 ಓದಲಾಗುತ್ತಿಲ್ಲ. ಬಿಟ್ಟು ಮುಂದುವರಿಯಲೇ?'

"ಇನ್ನೊಂದ್ಸಲ ಓದ್ಸು," ಎಂದ ನಟರಾಜು. ಓದಿಸಿದರು. ಕಟ್. ಕಟ್. ಮತ್ತೆ ಓದಿಸಿದರು. ಕಟ್.

"ನಾನೂರು ಚಿಲ್ಲರೆ ವಿಡಿಯೋದಲ್ಲಿ ಒಂದು ಕಣ್ಲಾ! ಯಾರೋ ಕೈ ತೊಳೀತಿರ್ತಾರೆ. ಬುಟ್ಹಾಕು!" ಮಧುಕುಮಾರ್ ಕಿರುಚಿದ.

"ಬುಡಿ ಅಣ್ಣಾ, ಹೊತ್ತಾಯ್ತು," ಎಂದಳು ಸಾಬಿರಾ.

"ಹಾಳಾಗೋಗು!" ನಟರಾಜು ಕೀ ಹೊಡೆದ ರಭಸಕ್ಕೆ ಟೀ ಲೋಟ ಹಾರಿತು. ಇಮೇಜ್ ಸರಸರನೆ ನೂರಕ್ಕೆ ಹೋಯಿತು. ಹಳೆಯ ಡಿಸ್ಕ್ ಕೊನೆಯ ಸಲ ಕಟ್ ಎಂದು ಸತ್ತಿತು.

ನಾಲ್ಕಕ್ಕೆ ಸರಿಯಾಗಿ ಆಟೋ ನಿಂತಿತು. ಭಾನುಪ್ರಿಯ ಬ್ಯಾಗಿನ ಸಮೇತ ಬಂದಿದ್ದಳು. ನಟರಾಜುವಿನ ಎದೆ ಹಗುರಾಯಿತು.

"ಇಳೀಬೇಡ, ಅಲ್ಲೇ ಕೂತಿರು," ಎಂದು ಮಗಳಿಗೆ ಹೇಳಿ ಕೆಂಪಯ್ಯ ಒಳಗೆ ಬಂದ.

ಹೊಸ ಡಿಸ್ಕಿನಿಂದ ವಿಡಿಯೋ ಓಡಿತು. 416: ಅಪ್ಪ ಬಕೆಟ್ ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ. ಕೆಂಪಯ್ಯ ಎಲೆಯ ಮುಂದೆ ಆಸೆಯಿಂದ ಕತ್ತೆತ್ತಿದ. ಅಪ್ಪ ಅವನ ಮುಖವನ್ನೂ ನೋಡದೆ ಬಕೆಟ್ ತೂಗಾಡಿಸುತ್ತ ಮುಂದೆ ಹೋದ. ಮರುಕ್ಷಣ 418: ಜನ ಬಾಳೆಹಣ್ಣು ಸುಲಿಯುತ್ತಿದ್ದರು.

"ಮಧ್ಯೆ ಇನ್ನೊಂದಿತ್ತು ಮಾವ! ಅದ್ರಲ್ಲೇ ಮೂರು ಸೌಟು..."

"ಕಂಡೆ, ಕಂಡೆ." ಕೆಂಪಯ್ಯ ತೃಪ್ತಿಯಿಂದ ಮೀಸೆ ಒರೆಸಿಕೊಂಡ. "ಏನ್ ಚೆಂದಾಗಿ ಬಂದೈತೆ ಅಳಿಮಯ್ಯ! ಊರೋರ್ಗೂ ತೋರುಸ್ಬೇಕು, ನಂಗೊಂದು ಕಾಪಿ ಹಾಕ್ಕೊಡು. ಅಳಿಸ್ಗಿಳಿಸಿ ಹೋಗಾಕಿಲ್ಲ ತಾನೆ?"

ನಟರಾಜು ಬಾಯಿ ತೆರೆಯುವ ಮೊದಲೇ ಮಧುಕುಮಾರ್ ಹೆಮ್ಮೆಯಿಂದ ಎದೆಯುಬ್ಬಿಸಿದ.

"ಬಿಲ್ಕುಲ್ ಇಲ್ಲ ಯಜಮಾನ್ರೇ. ಬೆಳಗಿಂದ ಅದಕ್ಕೇ ಒದ್ದಾಡಿದ್ದು."