ರುಕ್ಮವ್ವನ ಮಗ್ಗ, ಮುಗಿಲಿನ ಢಮಾರ್

ವೀರಣ್ಣ ಮಗ್ಗದ ಗುಂಡಿ ಒತ್ತಿದ್ದಕ್ಕೂ ಊರಿಗೆ ಊರೇ ‘ಢಮಾರ್’ ಎಂದದ್ದಕ್ಕೂ ನಡುವೆ ರೆಪ್ಪೆ ಬಡಿಯುವಷ್ಟೂ ಬಿಡುವಿರಲಿಲ್ಲ. ತೊಂದರೆ ಹುಟ್ಟಿದ್ದೇ ಅಲ್ಲಿ.

ಮುಗಿಲಿನ ಮನೆಯ ಮುದುಕಿಯೊಬ್ಬಳು ನೂರು ವರ್ಷದ ಕಂಬಳಿಯನ್ನು ಒಮ್ಮೆಗೇ ಝಾಡಿಸಿದಂತಿತ್ತು ಆ ಸದ್ದು. ಕಿಟಕಿಗಳು ಗಡಗಡ ನಡುಗಿದವು. ಹಲಗೆಯ ಮೇಲಿದ್ದ ತಟ್ಟೆಗಳು ಒಂದರ ಹಿಂದೊಂದು ನೆಲಕ್ಕೆ ಹಾರಿದವು. ವೀರಣ್ಣ ಬೆಚ್ಚಿ ಮಗ್ಗ ನಿಲ್ಲಿಸಿ, ಅದರ ಅಡಿಗೇ ತೂರಿಕೊಂಡ.

ಹನ್ನೆರಡು ವರ್ಷ ಬೇರೆ ಮಿಸ್ತ್ರಿಯ ಕೈಕೆಳಗೆ ಎಣ್ಣೆ ಬಿಟ್ಟವನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಬನಹಟ್ಟಿಯ ಆ ಓಣಿಯಲ್ಲಿ ರುಕ್ಮವ್ವನ ಆರು ಪವರ್‌ಲೂಮುಗಳಲ್ಲಿ ನಾಲ್ಕು ಮಲಗಿದ್ದವು. “ಇದೊಂದು ಎಬ್ಬಿಸು. ಉಳದ ಮೂರೂ ನಿನ್ನ ಕೈಗೇ ಕೊಡತೇನಿ. ಆಗಲಿಲ್ಲಂದ್ರ ನಿನ್ನ ಹಳೇ ಮಿಸ್ತ್ರೀನ ಕರಸತೇನಿ” ಎಂದಿದ್ದಳು ಆಕೆ. ಹತ್ತು ದಿನ ವೀರಣ್ಣ ಆ ಮಗ್ಗದ ಹೊಟ್ಟೆಯೊಳಗೇ ಸಂಸಾರ ಮಾಡಿದ್ದ.

“ಹೊರಗ ಬಾರೋ! ಏನ ಸಿಡಿಸಿದಿ?” ರುಕ್ಮವ್ವ ಕೂಗಿದಳು.

“ನಾ ಏನೂ ಸಿಡಿಸಿಲ್ರೀ. ಬರೇ ಗುಂಡಿ ಒತ್ತೇನ್ರಿ.”

ಅಷ್ಟರಲ್ಲಿ ಪಕ್ಕದ ಮನೆಯ ಯಲ್ಲವ್ವ ಬಂದಳು. ಮಗ್ಗಗಳ ನಡುವೆ ಹುಟ್ಟಿ ಬೆಳೆದ ಮಂದಿ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಸದ್ದು ಕೆಟ್ಟರೆ ಮಗ್ಗ ಕೆಟ್ಟಿತು, ಅಷ್ಟೇ. ಯಲ್ಲವ್ವನಂತೂ ತನ್ನ ಕಟ್ಟೆಯ ಮೇಲೆ ಕೂತೇ ಯಾರ ಮನೆಯ ಎಷ್ಟನೇ ಮಗ್ಗದಲ್ಲಿ ಎಳೆ ಹರಿಯಿತೆಂದು ಹೇಳುವವಳು. ಆಕೆಯ ಕಿವಿಯ ತೀರ್ಪಿಗೆ ಓಣಿಯಲ್ಲಿ ಎದುರು ಮಾತಿಲ್ಲ.

“ಸದ್ದು ಇದರದ್ದs” ಎಂದಳು ಯಲ್ಲವ್ವ. “ಎಪ್ಪತ್ತು ವರ್ಷ ಮಗ್ಗ ಕೇಳೇನಿ, ಇಂಥಾ ಕೆಟ್ಟ ರಿಪೇರಿ ಕೇಳಿಲ್ಲ.”

ಎದುರಿನ ಮೊಬೈಲ್ ಅಂಗಡಿಯ ಸುಭಾಷ್ ಮಗ್ಗ ಶುರುವಾಗುವುದನ್ನು ವಿಡಿಯೋ ಮಾಡಲು ಬಂದಿದ್ದ. ಅದನ್ನು ಆಗಲೇ ಓಣಿಯ ಗ್ರೂಪಿಗೆ ಹಾಕಿದ್ದ: ‘ಬನಹಟ್ಟಿಯಲ್ಲಿ ಮಗ್ಗ ಸ್ಫೋಟ!’ ಸುದ್ದಿ ಸಾವಳಗಿಗೆ ಮುಟ್ಟುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು. ವೀರಣ್ಣನ ಅತ್ತೆ ಅಲ್ಲಿಂದ ಫೋನಿನಲ್ಲೇ ಅತ್ತಳು: “ಅಳಿಯಾ, ನೀವು ಮಗ್ಗದ ಜೋಡಿ ಎಷ್ಟು ಎತ್ತರ ಹಾರಿದ್ರಿ?”

“ಕೇಳ್ರಿ ಇಲ್ಲೆ” ಎಂದ ಸುಭಾಷ್. “ಮುಧೋಳದಾಗೂ ಕೇಳಿಸೇತಂತ. ಲೋಕಾಪುರದಾಗ ಕಿಡಕಿ ಗಾಜು ಒಡದೈತಂತ.”

ವೀರಣ್ಣನಿಗೆ ಜೀವ ಬಂತು. “ನೋಡ್ರಿ, ಅಂದಮ್ಯಾಲ ಇದು ನಂದಲ್ಲ!”

“ಅಯ್ಯs, ಲೋಕಾಪುರದ ತನಕ ಕೇಳೂವಂಗ ಕೆಡಿಸೀಯಲ್ಲೋ!” ಯಲ್ಲವ್ವ ಗಲ್ಲಕ್ಕೆ ಕೈ ಹಚ್ಚಿದಳು. ರುಕ್ಮವ್ವ ಹಳೇ ಮಿಸ್ತ್ರಿಯ ನಂಬರ್ ಹುಡುಕತೊಡಗಿದಳು.

ಅಂದು ರವಿವಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ದಾನೇಶ್ವರಿ ತಲೆಗೆ ಎರೆದುಕೊಂಡು, ಕೂದಲಿಗೆ ಟವೆಲ್ ಸುತ್ತಿಕೊಂಡೇ ಓಡಿಬಂದಳು. ಅವಳ ಮುಖ ಹಬ್ಬದ ಮನೆಯಂತೆ ಬೆಳಗುತ್ತಿತ್ತು.

“ಸೋನಿಕ್ ಬೂಮ್! ಖರೇನ ಸೋನಿಕ್ ಬೂಮ್! ಇಷ್ಟು ವರ್ಷ ಬೋರ್ಡ್ ಮ್ಯಾಲ ಬರೇ ಚಿತ್ರಾ ತಗದಿದ್ದೆ!”

“ಅಕ್ಕೋರs, ಹಂಗಂದ್ರ ನನ್ನ ತಪ್ಪೇನ್ರಿ?” ವೀರಣ್ಣ ಅಳುವಂತಾದ.

“ನಿಂದಲ್ಲೋ ಅಣ್ಣಾ, ಮುಗಿಲಾಗ ಹಾರಿ ಹೋದ ಇಮಾನದ್ದು. ಸುಭಾಷ್, ನಿನ್ನ ವಿಡಿಯೋ ಎಷ್ಟಕ್ಕ ಹಿಡದದ್ದು?”

“ಹನ್ನೊಂದು ಇಪ್ಪತ್ತಕ್ರಿ.”

“ಲೋಕಾಪುರದವರು ಏನದು ಸದ್ದು ಅಂತ ಗ್ರೂಪಿನ್ಯಾಗ ಮೊದಲ ಕೇಳಿದ್ದು ಎಷ್ಟಕ್ಕ?”

ಸುಭಾಷ್ ಮೊಬೈಲಿನ ಮೇಲೆ ಬೆರಳಾಡಿಸಿದ. “ರುಕ್ಮವ್ವನ ತಂಗಿ ಮಗ ವಿಜಯ ಕೇಳ್ಯಾನ್ರಿ. ಹನ್ನೊಂದು ಹದಿನೆಂಟಕ್ಕ.”

“ಗುಂಡಿ ಒತ್ತೂಕ್ಕಿಂತ ಎರಡ ನಿಮಿಷ ಮೊದಲ ಅಲ್ಲಿ ಸದ್ದು ಹೆಂಗ ಬಂತು?”

“ಇವನ ಕೈಗುಣ ಅವರಿಗೆ ಮೊದಲ ಗೊತ್ತಾಗಿರಬೇಕು” ಎಂದಳು ಯಲ್ಲವ್ವ.

ದಾನೇಶ್ವರಿ ಮಗ್ಗದ ಮೇಲೆ ಕೈಯಿಟ್ಟಳು. “ಯಲ್ಲವ್ವಾ, ಹಣಿಗಿ ಬಡದಾಗ ಎಳಿ ಮ್ಯಾಲ ಎಳಿ ಒತ್ತಿ ಕುಂದರತಾವಲ್ಲ? ಹಂಗs. ಇಮಾನ ತನ್ನ ಸದ್ದಿಗಿಂತ ಜೋರ ಓಡಿದ್ರ ಸದ್ದಿನ ಅಲಿ ಒಂದರ ಮ್ಯಾಲೊಂದು ಒತ್ತತಾವ. ಆ ಒತ್ತು ನಮ್ಮ ಮ್ಯಾಲ ಹಾದಾಗ ಢಮ್ ಅಂತೈತಿ.”

“ಮತ್ತ ಇಮಾನ ಕಾಣಲಿಲ್ಲಲ್ಲ?” ಎಂದಳು ರುಕ್ಮವ್ವ.

“ಅದು ಮುಂದ ಹೋಗಿರತೈತಿ, ಸದ್ದು ಹಿಂದಿಂದ ಬರತೈತಿ. ಉದ್ದ ಸೆರಗು ಎಳಕೊಂತ ಹೋಗೂ ಹೆಂಗಸಿನಂಗ. ಲೋಕಾಪುರಾ, ಮುಧೋಳಾ, ಬನಹಟ್ಟಿ... ಸೆರಗು ಎಲ್ಲೆಲ್ಲಿ ಹಾಯತೈತಿ, ಅಲ್ಲಲ್ಲಿ ಒಂದೊಂದ ಢಮಾರ್.”

ನೇಕಾರರ ಓಣಿಗೆ ಸೆರಗಿನ ಮಾತು ತಟ್ಟನೆ ತಿಳಿಯಿತು. ಯಲ್ಲವ್ವ ಕೂಡ ಮುಗಿಲು ನೋಡಿ, “ಎಂಥಾ ಸೀರಿ ಇರಬೇಕ ಅದು!” ಎಂದಳು. ಗೆಲುವಿನ ಹುರುಪಿನಲ್ಲಿ ವೀರಣ್ಣನೂ ಮೇಷ್ಟ್ರಾದ. “ಅದು ಬರೇ ಸದ್ದಲ್ಲರೀ, ಗಾಳಿ ಹೊಡತ! ಕಿಡಕಿ ನಡಗಿಸಿ, ಗಾಜು ಒಡದೈತಿ ಅಂದ್ರ ತಾಕತ್ತು ಎಷ್ಟಿರಬೇಕು? ಅದು ಅಲುಗಾಡಸಲಾರದ್ದು ಯಾವುದೂ ಇಲ್ಲ!”

ರುಕ್ಮವ್ವ ಧೈರ್ಯ ಮಾಡಿ ಗುಂಡಿ ಒತ್ತಿದಳು. ಖಟಪಟ, ಖಟಪಟ, ಖಟಪಟ. ಮಗ್ಗ ಹೊಸ ಮದುಮಗಳಂತೆ ನಡೆಯಿತು. ಯಲ್ಲವ್ವ ಕಣ್ಣು ಮುಚ್ಚಿ ಕೇಳಿ, “ಒಂದೆಳಿ ತಪ್ಪಿಲ್ಲ” ಎಂದು ತೀರ್ಪು ಕೊಟ್ಟಳು.

ವೀರಣ್ಣ ಎದೆ ಉಬ್ಬಿಸಿದ. “ಹಂಗಾರ ಉಳದ ಮೂರು, ರುಕ್ಮವ್ವಾ...”

“ತಡಿ” ಎಂದಳು ಯಲ್ಲವ್ವ. “ನೀ ಹತ್ತು ದಿನಾ ಬಡದಿ, ಇದು ಏಳಲಿಲ್ಲ. ಇಮಾನ ಹಾದು ಹೋತು, ಎದ್ದು ಕುಂತತು. ಖರೆ ಹೌದಲ್ಲೋ?”

“ಅದು ಹಂಗಲ್ಲಬೇ...”

“ಅಲುಗಾಡಸಲಾರದ್ದು ಯಾವುದೂ ಇಲ್ಲ ಅಂತ ಈಗ ನೀನs ಅಂದಿ! ಎಲ್ಲೋ ಸಿಕ್ಕೊಂಡಿತ್ತು, ಅದs ಬಿಡಿಸೇತಿ.”

“ಅಯ್ಯೋ, ಸೋನಿಕ್ ಬೂಮ್ ಮಗ್ಗ ರಿಪೇರಿ ಮಾಡೂದಿಲ್ಲ!” ದಾನೇಶ್ವರಿ ಕೂಗಿದಳು. ಆದರೆ ಓಡುವ ಮಗ್ಗದ ಮುಂದೆ ಅವಳ ಮಾತು ಯಾರಿಗೂ ಕೇಳಿಸಲಿಲ್ಲ.

ಸಂಜೆಯ ಹೊತ್ತಿಗೆ ಓಣಿಯ ಕಟ್ಟೆಗಳ ಮೇಲೆಲ್ಲ ಕೆಟ್ಟ ಮಿಕ್ಸರು, ತಿರುಗದ ಫ್ಯಾನು, ಹೊಲಿಯದ ಹೊಲಿಗೆ ಯಂತ್ರ ಮುಗಿಲಿಗೆ ಮುಖ ಮಾಡಿ ಕೂತವು. ವೀರಣ್ಣನಿಗೂ ಕೆಲಸ ಸಿಕ್ಕಿತು. ಮೂರು ಮಗ್ಗಗಳ ಮೇಲಿನ ಚಾವಣಿಯ ತಗಡು ಸರಿಸಬೇಕಿತ್ತು. ಮುಂದಿನ ವಿಮಾನದ ಹೊಡೆತ ನೇರವಾಗಿ ಬೀಳಲಿ ಎಂದು ರುಕ್ಮವ್ವನ ಅಪ್ಪಣೆ.

ತಗಡು ಸರಿಸಿ ಮೇಲಿನಿಂದ ಬಗ್ಗಿ ನೋಡಿದ. ಸಂಜೆಯ ಬೆಳಕು ನೇರವಾಗಿ ಮಗ್ಗಗಳ ಮೇಲೆ ಬಿದ್ದಿತ್ತು. ಒಂದರ ಬೆಲ್ಟು ಸಡಿಲಾಗಿತ್ತು, ಇನ್ನೊಂದರ ಗೇರಿನ ಹಲ್ಲು ಸವೆದಿತ್ತು, ಮೂರನೆಯದು ಬರೀ ಎಣ್ಣೆ ಬೇಡುತ್ತಿತ್ತು. ಎಲ್ಲ ಎರಡೇ ದಿನದ ಕೆಲಸ! ಕೀರ್ತಿ ಬೇಕಾದರೆ ವಿಮಾನಕ್ಕೇ ಹೋಗಲಿ, ಮಗ್ಗಗಳಂತೂ ಹಾಡಲಿ ಎನ್ನಿಸಿ ಅವನ ಮನಸ್ಸು ಹಗುರಾಯಿತು. ಮೆಲ್ಲಗೆ ಇಳಿದು, ಜೇಬಿನಿಂದ ನಟ್ಟು ಬಿಗಿಯುವ ಪಾನಾ ತೆಗೆದು, ಮೊದಲ ಬೆಲ್ಟಿಗೆ ಕೈ ಹಾಕಿದ.

“ಏ ವೀರಣ್ಣಾ!” ಬಾಗಿಲಲ್ಲಿ ರುಕ್ಮವ್ವ ನಿಂತಿದ್ದಳು. “ಕೈ ತಗಿಯೋ! ನೀ ಮುಟ್ಟಿ ಪೂರಾ ಕೆಡಿಸಿಟ್ರ, ಪಾಪ, ಆ ಇಮಾನಾದ್ರೂ ಏನ್ ಮಾಡೀತು?”